ಒಂದು ಚಾನೆಲ್‌ಗೆ ಸರಿ, ನಲವತ್ತಕ್ಕೆ ಗೆರೆ: ಕೇಬಲ್ ಟಿವಿ ಆಂಪ್ಲಿಫೈಯರ್‌ನಲ್ಲಿ ಎಲ್ಲಿ ಎಡವಿದ್ದೇನೆ?

ಬೆಸುಗೆಪ್ರಿಯ:
47ರಿಂದ 862 ಮೆಗಾಹರ್ಟ್ಸ್‌ವರೆಗಿನ ಆಂಪ್ಲಿಫೈಯರ್ ಮಾಡಿದ್ದೇನೆ. ಒಂದೇ ಟ್ರಾನ್ಸಿಸ್ಟರ್, ಎಫ್‌ಟಿ (ಕರೆಂಟ್ ವರ್ಧನೆ ಒಂದಕ್ಕೆ ಇಳಿಯುವ ಆವರ್ತನ) 5 ಗಿಗಾಹರ್ಟ್ಸ್. ಕಲೆಕ್ಟರ್‌ನಿಂದ ಬೇಸ್‌ಗೆ 390 ಓಮ್, ಎಮಿಟರ್‌ನಲ್ಲಿ 12 ಓಮ್. ಕರೆಂಟ್ 15 ಮಿಲಿಆಂಪಿಯರ್. ಹೆಚ್ಚಿಸಿದರೆ ಬೆರಳಿಡಲಾಗದಷ್ಟು ಬಿಸಿ. ಗೇನ್ (ಸಂಕೇತದ ವರ್ಧನೆ) 50 ಮೆಗಾಹರ್ಟ್ಸ್‌ನಲ್ಲಿ 12 ಡಿಬಿ, 800ರಲ್ಲಿ 6. ಒಂದೇ ಚಾನೆಲ್ ಕೊಟ್ಟರೆ ಚಿತ್ರ ಕನ್ನಡಿಯಂತಿದೆ. 40 ಚಾನೆಲ್ ಕೊಟ್ಟರೆ ಪರದೆಯ ತುಂಬ ಓರೆ ಗೆರೆಗಳು. ಔಟ್‌ಪುಟ್ ತಲಾ ಸುಮಾರು 90 ಡಿಬಿ ಮೈಕ್ರೊವೋಲ್ಟ್. ಇನ್ನೂ ಹೆಚ್ಚು ಎಫ್‌ಟಿಯ ಟ್ರಾನ್ಸಿಸ್ಟರ್ ಹಾಕಬೇಕೇ?

ಹಳೆಯ ಹೆಡ್‌ಎಂಡ್:
ಬೇಡ. ಟ್ರಾನ್ಸಿಸ್ಟರ್ ಪಾಪ ಏನೂ ಮಾಡಿಲ್ಲ, ನೀವು ಅದಕ್ಕೆ ಅರೆಹೊಟ್ಟೆ ಊಟ ಹಾಕಿದ್ದೀರಿ. ಲೆಕ್ಕ ಹಾಕೋಣ. 90 ಡಿಬಿ ಮೈಕ್ರೊವೋಲ್ಟ್ ಎಂದರೆ 31.6 ಮಿಲಿವೋಲ್ಟ್, ಶಿಖರದಲ್ಲಿ 45. 40 ವಾಹಕಗಳ (ಚಾನೆಲ್‌ಗೊಂದರಂತೆ ಸಂಕೇತ ಹೊರುವ ಅಲೆಗಳ) ಶಿಖರಗಳು ಒಮ್ಮೆಗೇ ಕೂಡಿಕೊಂಡರೆ 1.8 ವೋಲ್ಟ್. 75 ಓಮ್‌ಗೆ ಅದನ್ನು ಕೊಡಲು 24 ಮಿಲಿಆಂಪಿಯರ್ ಬೇಕು. ನಿಮ್ಮಲ್ಲಿರುವುದು 15. ಅಲೆಯ ತಲೆ ಕತ್ತರಿಸಿಹೋಗದೆ ಇನ್ನೇನಾದೀತು? ಕತ್ತರಿಸುವ ಮೊದಲೇ ಬಾಗಲು ಶುರುವಾಗಿರುತ್ತದೆ, ಆದ್ದರಿಂದ 60ಕ್ಕೆ ಏರಿಸಿ. ಡೇಟಾಶೀಟ್ ಮಿತಿಯೊಳಗಿದ್ದರೆ ಬಿಸಿಗೆ ಹೆದರಬೇಡಿ, ಹೀಟ್‌ಸಿಂಕ್ ಕೊಡಿ.

ನಂಬಿಕೆ ಬರದಿದ್ದರೆ ಇನ್‌ಪುಟ್‌ನಲ್ಲಿ 3 ಡಿಬಿ ಅಟೆನ್ಯುಯೇಟರ್ (ಸಂಕೇತ ತಗ್ಗಿಸುವ ತುಣುಕು) ಹಾಕಿ ನೋಡಿ. ಅಲೆ ಬಾಗಿದಾಗ ಚಾನೆಲ್‌ಗಳು ಒಂದರೊಳಗೊಂದು ಬೆರೆತು ಸುಳ್ಳು ಸಂಕೇತ ಹುಟ್ಟುತ್ತದೆ. ಮೂರು ಆವರ್ತನಗಳು ಸೇರಿ ಹುಟ್ಟುವ ಮೂರನೆಯ ಕ್ರಮದ ವಿಕೃತಿಯಾದರೆ ಅದು 9 ಡಿಬಿ ಇಳಿಯುತ್ತದೆ, ಗೆರೆ ಕಣ್ಣೆದುರೇ ಮಸುಕಾಗುತ್ತದೆ.

ಇನ್ನು 800ರ ಇಳಿತ. ಆ 12 ಓಮ್ ರೆಸಿಸ್ಟರ್‌ನ ಕಾಲು, ಅಂದರೆ ತುದಿಯ ತಂತಿ, ಎಷ್ಟು ಉದ್ದ ಬಿಟ್ಟಿದ್ದೀರಿ?

ಬೆಸುಗೆಪ್ರಿಯ:
ಅಳೆದೆ ಸರ್, ಎರಡೂ ಕಡೆ ಸೇರಿ 8 ಮಿಲಿಮೀಟರ್.

ಹಳೆಯ ಹೆಡ್‌ಎಂಡ್:
ಅದೇ. 8 ಮಿಲಿಮೀಟರ್ ತಂತಿ ಸುಮಾರು 6 ನ್ಯಾನೊಹೆನ್ರಿ, 800 ಮೆಗಾಹರ್ಟ್ಸ್‌ನಲ್ಲಿ ಅದರ ಪ್ರತಿಘಾತ 30 ಓಮ್. ರೆಸಿಸ್ಟರ್ 12, ಅದರ ಕಾಲು 30! ಎಮಿಟರ್‌ನ ಅಡ್ಡಿ ಹೆಚ್ಚಿದಷ್ಟೂ ಗೇನ್ ಇಳಿಯುತ್ತದೆ. 24 ಓಮ್‌ನ ಎರಡು ಚಿಪ್ ರೆಸಿಸ್ಟರ್‌ಗಳನ್ನು ಎಮಿಟರ್‌ನ ಎಡಬಲಕ್ಕೆ ನೇರವಾಗಿ ನೆಲದ ತಾಮ್ರಕ್ಕೆ ಬೆಸೆಯಿರಿ. ಈ ತಪ್ಪಿನಲ್ಲಿ ನಾನೂ ಎರಡು ವಾರ ಕಳೆದವನು, ಅದಕ್ಕೇ ಮೊದಲು ಕಾಲು ಕೇಳುವುದು.

ಬೆಸುಗೆಪ್ರಿಯ:
60 ಮಿಲಿಆಂಪಿಯರ್, ಚಿಪ್ ರೆಸಿಸ್ಟರ್, ಎರಡೂ ಆಯಿತು. 800ರಲ್ಲಿ ಈಗ 10 ಡಿಬಿ. ಗೆರೆಗಳೂ ಹೋದವು, ಆದರೆ 367.25 ಮೆಗಾಹರ್ಟ್ಸ್‌ನ ಚಾನೆಲ್‌ನಲ್ಲಿ ಮಾತ್ರ ನವಿರಾದ ಜಾಲರಿ ಉಳಿದಿದೆ.

ಫೆರೈಟ್‌ಕಣ್ಣು:
ಕೆಳಗಿನ ಚಾನೆಲ್‌ಗಳ ವಾಹಕಗಳನ್ನು ನೋಡಿ. 182.25ಕ್ಕೆ 189.25 ಕೂಡಿಸಿ: 371.5. ಇನ್ನು 175.25ಕ್ಕೆ 196.25 ಕೂಡಿಸಿ: ಮತ್ತೆ 371.5. ಜೋಡಿಗಳೆಲ್ಲ ಒಂದೇ ಕಡೆ ಬಂದು ಕೂರುತ್ತವೆ, ಅದೂ ನಿಮ್ಮ 367.25ರ ಚಾನೆಲ್‌ನ ಬಣ್ಣದ ಉಪವಾಹಕದ (ಬಣ್ಣದ ಮಾಹಿತಿ ಹೊರುವ ಅಲೆಯ) ಪಕ್ಕದಲ್ಲೇ. ಇದು ಎರಡನೆಯ ಕ್ರಮದ ವಿಕೃತಿ, ಕರೆಂಟ್ ಏರಿಸಿದರೆ ಪೂರ್ತಿ ಹೋಗುವುದಿಲ್ಲ. ಎರಡು ಟ್ರಾನ್ಸಿಸ್ಟರ್‌ಗಳ ಪುಷ್-ಪುಲ್ ಮಾಡಿ: ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಎರಡರ ಈ ವಿಕೃತಿ ಪರಸ್ಪರ ರದ್ದಾಗುತ್ತದೆ. ಸಂಕೇತವನ್ನು ಎರಡಾಗಿ ಒಡೆದು ಮತ್ತೆ ಸೇರಿಸುವ ಟ್ರಾನ್ಸ್‌ಫಾರ್ಮರ್‌ಗಳನ್ನು ಎರಡು ತೂತಿನ ಫೆರೈಟ್ ಕೋರ್‌ನಲ್ಲಿ ನೀವೇ ಸುತ್ತಬಹುದು, ಆದರೆ ಎರಡೂ ಅರ್ಧಗಳ ಸುತ್ತು ಸಮನಾಗಿರಲಿ.

ಹಳೆಯ ಹೆಡ್‌ಎಂಡ್:
ಸರಿಯಾದ ಮಾತು. ಸುತ್ತುವ ಮುನ್ನ ತಂತಿಗಳಿಗೆ ಎರಡು ಬಣ್ಣ ಹಚ್ಚಿಕೊಳ್ಳಿ. ತುದಿ ಅದಲುಬದಲಾದರೆ ಗೇನ್ ಇರುವುದಿಲ್ಲ, ನೀವು ಮತ್ತೆ ಟ್ರಾನ್ಸಿಸ್ಟರ್ ಬದಲಿಸಬೇಕೇ ಎಂದು ಕೇಳುತ್ತೀರಿ.