ದತ್ತಾಂಶದ ಕಟ್ಟುಪಾಡು ಹೊಸ ಸೇವೆಗೆ ಅಡ್ಡಿಯಾಗದಂತೆ ಮಾಡುವುದು ಹೇಗೆ?

ಪ್ರಶ್ನೆ (ದಾವಣಗೆರೆ)
ಬೀಜ, ಗೊಬ್ಬರ ಮಾರುವ ನಮ್ಮ ಸಂಸ್ಥೆಗೆ ಹರಿಹರ, ಜಗಳೂರು, ಚನ್ನಗಿರಿಗಳಲ್ಲಿ ಶಾಖೆಗಳಿವೆ. ಮೆಕ್ಕೆಜೋಳ ಬಿತ್ತಿದ ದಿನವನ್ನು ಲೆಕ್ಕ ಹಿಡಿದು, ಸುಮಾರು 30 ದಿನಕ್ಕೆ ಯೂರಿಯಾ ಮೇಲುಗೊಬ್ಬರ ಕೊಡುವಂತೆ ರೈತರ ಮೊಬೈಲ್‌ಗೆ ತಿಳಿಸುವ ಸೇವೆಯನ್ನು ಆರಂಭಿಸಲು ಹೊರಟಾಗ, ಒಬ್ಬನೇ ರೈತ ನಾಲ್ಕು ಕಾಗುಣಿತಗಳಲ್ಲಿ ನಾಲ್ಕು ಖಾತೆಗಳಾಗಿರುವುದು ಕಂಡಿತು. ಇದನ್ನು ಸರಿಪಡಿಸಲೆಂದು ಶಾಖೆಗಳು ತೆಗೆಯುವ ಪ್ರತಿ ವರದಿಗೂ ಪ್ರಧಾನ ಕಚೇರಿಯ ಅನುಮತಿಯನ್ನು ನಾನು ಕಡ್ಡಾಯ ಮಾಡಿದೆ. ಈಗ ಅನುಮತಿ ಸಿಗುವಷ್ಟರಲ್ಲಿ ಗೊಬ್ಬರ ಹಾಕುವ ಹೊತ್ತು ಮೀರಿರುತ್ತದೆ. ಹುಡುಗರು ಎಕ್ಸೆಲ್ ಕಡತಗಳನ್ನು ವಾಟ್ಸಾಪ್‌ನಲ್ಲೇ ಹಂಚಿಕೊಳ್ಳುತ್ತಿದ್ದಾರೆ. ಹಿಡಿತ ಬಿಡದೆ ಇದನ್ನು ಸಡಿಲಿಸುವುದು ಹೇಗೆ?

ಉತ್ತರ 1 (ಚಿತ್ರದುರ್ಗ)
ಸಹಕಾರ ಬ್ಯಾಂಕೊಂದರ ಗಣಕ ವಿಭಾಗದಲ್ಲಿರುವ ನಾನು ಕಂಡಂತೆ, ನೀವು ಕಾವಲು ಹಾಕಬೇಕಾದದ್ದು ಮಾಹಿತಿ ಒಳಗೆ ಬರುವ ಬಾಗಿಲಿಗೆ. ಹಾಕಿರುವುದು ಹೊರಗೆ ಹೋಗುವ ಬಾಗಿಲಿಗೆ. ಮೊದಲು ಪದಗಳ ಅರ್ಥವನ್ನು ಗೊತ್ತುಮಾಡಿ. ‘ಚೀಲ’ ಎಂದರೆ ಎಷ್ಟು? ಯೂರಿಯಾ ಚೀಲ 2018ರಲ್ಲಿ 50 ಕೆಜಿಯಿಂದ 45 ಕೆಜಿಗೆ ಇಳಿಯಿತು, ಡಿಎಪಿ ಎಂಬ ಇನ್ನೊಂದು ಗೊಬ್ಬರದ ಚೀಲ 50 ಕೆಜಿಯಲ್ಲೇ ಉಳಿಯಿತು. ಎರಡನ್ನೂ ಒಂದೇ ತೂಕವೆಂದು ಬರೆದುಕೊಂಡರೆ 200 ಯೂರಿಯಾ ಚೀಲಗಳಿಗೆ ಒಂದು ಟನ್ ಲೆಕ್ಕ ತಪ್ಪುತ್ತದೆ. ರೈತರ ಪಟ್ಟಿಗೆ ಒಬ್ಬರು, ದಾಸ್ತಾನಿಗೆ ಒಬ್ಬರು ಎಂದು ಹೊಣೆಗಾರರನ್ನು ನೇಮಿಸಿ; ಅವರು ಗಣಕ ವಿಭಾಗದವರಾಗಿರದೆ ಕೌಂಟರಿನ ವ್ಯವಹಾರ ಬಲ್ಲವರಾಗಿರಲಿ. ರೈತರ ಹೆಸರು, ಫೋನ್ ಸಂಖ್ಯೆ, ಬಾಕಿ ಹಣ ಇವು ಯಾವುವೂ ಇಲ್ಲದ ವರದಿಗಳನ್ನು ಯಾವ ಶಾಖೆಯವರಾದರೂ ಅನುಮತಿಯಿಲ್ಲದೆ ತೆಗೆದುಕೊಳ್ಳಲಿ. ಅವು ಇರುವ ವರದಿಗೆ ಮಾತ್ರ ಒಪ್ಪಿಗೆ ಬೇಕು, ಅದೂ ಒಂದು ದಿನದೊಳಗೆ ಸಿಗಬೇಕು.

ಉತ್ತರ 2
ಖಾತೆಗಳನ್ನು ಒಂದುಗೂಡಿಸಲು ಆಧಾರ್ ಸಂಖ್ಯೆಯನ್ನು ಬಳಸುವ ಆಸೆ ಬೇಡ. ರೈತರು ಅದನ್ನು ಕೊಟ್ಟಿರುವುದು ಸಬ್ಸಿಡಿ ಗೊಬ್ಬರ ಮಾರುವಾಗ ಗುರುತು ನೋಡುವ ಯಂತ್ರಕ್ಕೆ. ಬಿಲ್ಲಿಗೆಂದು ಪಡೆದ ಫೋನ್ ಸಂಖ್ಯೆಗೆ ಸಲಹೆ ಕಳುಹಿಸಲು ಪ್ರತ್ಯೇಕ ಒಪ್ಪಿಗೆ ಪಡೆಯಿರಿ, ಕನ್ನಡದಲ್ಲೇ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿದ್ದು, ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶವಿದೆ. ಭದ್ರತೆಯ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು ಎಂಬುದನ್ನು ಆ ವಾಟ್ಸಾಪ್ ಗುಂಪಿಗೂ ತಿಳಿಸಿ.

ಉತ್ತರ 3
ಮೇಲಿನವರಿಬ್ಬರೂ ಕೇಳದ ಒಂದು ಪ್ರಶ್ನೆ: ನಿಮ್ಮಲ್ಲಿ ಇನ್ಸೆಂಟಿವ್ ಕೊಡುವುದು ಶಾಖೆಯ ಮಾರಾಟದ ಮೇಲೆಯೇ? ಹಾಗಿದ್ದರೆ ಹರಿಹರದವರು ‘ನಮ್ಮ ರೈತ’ನ ವಿವರವನ್ನು ದಾವಣಗೆರೆಗೆ ಏಕೆ ಕೊಡುತ್ತಾರೆ? ಹೊಸ ತಂತ್ರಾಂಶ ಕೊಳ್ಳುವ ಮೊದಲು ಆ ಲೆಕ್ಕವನ್ನು ಬದಲಿಸಿ. ತಪ್ಪು ನಮೂದನ್ನು ತಾವೇ ತೋರಿಸಿದವರನ್ನು ಗದರಿಸುವುದನ್ನೂ ನಿಲ್ಲಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು
ಇನ್ಸೆಂಟಿವ್ ಶಾಖೆವಾರೇ ಇದೆ. ಮಾಲೀಕರ ಮುಂದೆ ಈ ಮಾತೆತ್ತುವುದು ಸುಲಭವಲ್ಲ, ಆದರೂ ಎತ್ತುತ್ತೇನೆ. ಚೀಲದ ಉದಾಹರಣೆ ಓದಿ ಜಗಳೂರಿನ ಹಳೆಯ ದಾಸ್ತಾನು ಪುಸ್ತಕ ತೆಗೆಸಿದೆ. ಎಲ್ಲ ಚೀಲಗಳನ್ನೂ 50 ಕೆಜಿ ಎಂದೇ ಹಿಡಿದಿದ್ದಾರೆ. ಕೊರತೆ ಬಂದಿದೆಯೆಂದು ಅಲ್ಲಿನ ಗುಮಾಸ್ತರಿಂದ ಎರಡು ಬಾರಿ ವಿವರಣೆ ಬರೆಸಿಕೊಂಡಿದ್ದೆವು. ನಾಳೆ ಅವರ ಬಳಿಗೆ ನಾನೇ ಹೋಗುತ್ತೇನೆ. ಒಪ್ಪಿದರೆ ದಾಸ್ತಾನಿನ ಹೊಣೆಯನ್ನು ಅವರಿಗೇ ವಹಿಸುವ ಯೋಚನೆಯಿದೆ.