ಪದಚರ್ಚೆ: ‘ಅಂತರಕ್ರಿಯೆ’ಯೋ ‘ಒಡನಾಟ’ವೋ?

ಪೊನ್ನಂಪೇಟೆಯಿಂದ:
ಒಳ್ಳೆಯ ಕನ್ನಡ ಪದ ತುರ್ತಾಗಿ ಬೇಕು. ನಾಳೆ ನಮ್ಮ ಕಾಲೇಜಿನಲ್ಲಿ ಸಂಶೋಧಕರೊಬ್ಬರ ಉಪನ್ಯಾಸ. ವಿಷಯ ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್ ಮತ್ತು ನಾಲೆಡ್ಜ್ ಶೇರಿಂಗ್, ಅಂದರೆ ಜನ ಕಂಪ್ಯೂಟರಿನ ಜೊತೆ ವ್ಯವಹರಿಸುವ ಬಗೆ ಮತ್ತು ತಿಳಿದದ್ದನ್ನು ಒಬ್ಬರಿಗೊಬ್ಬರು ತಿಳಿಸುವುದು. ಬ್ಯಾನರಿಗೆ ‘ಮಾನವ–ಗಣಕ ಅಂತರಕ್ರಿಯೆ ಮತ್ತು ಜ್ಞಾನ ಹಂಚಿಕೆ’ ಎಂದು ಬರೆದಿಟ್ಟಿದ್ದೇನೆ, ಓದಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಂಜೆ ಐದರೊಳಗೆ ಪ್ರಿಂಟಿಗೆ ಹೋಗಬೇಕು.

ವಿರಾಜಪೇಟೆಯಿಂದ:
ಅಂತರಕ್ರಿಯೆ ಬೇಡವೇ ಬೇಡ. ‘ಅಂತರ್’ ಮುಂದೆ ಕಕಾರ ಬಂದರೆ ಅಂತಃಕರಣದ ಹಾಗೆ ಅಂತಃಕ್ರಿಯೆ ಆಗಬೇಕು. ಆಗ ಅರ್ಥ ಒಳಗಿನ ಕ್ರಿಯೆ. ‘ಅಂತರ’ ಎಂದೇ ಹಿಡಿದರೆ ಕನ್ನಡದ ಕಿವಿಗೆ ಅದು ದೂರ. ಕೊರೊನಾ ಕಾಲದಲ್ಲಿ ಅಂಗಡಿ ಮುಂದೆ ಬಿಳಿ ಸುತ್ತು ಬರೆದು ‘ಅಂತರ ಕಾಯ್ದುಕೊಳ್ಳಿ’ ಅಂದದ್ದು ಮರೆತಿರಾ? ಒಡನೆ ಆಡುವುದು ಒಡನಾಟ. ಅದನ್ನೇ ಹಾಕಿ.

ಮಡಿಕೇರಿಯಿಂದ:
ಒಪ್ಪುವುದಿಲ್ಲ. ಒಡನಾಟಕ್ಕೆ ಎರಡೂ ಕಡೆ ಜೀವ ಇರಬೇಕು. ಇಂಟರಾಕ್ಷನ್ ಎಂದೇ ಬರೆಯಿರಿ. ಲೆಕ್ಕ ಬರೆಯುವ ರೈಟರು, ಕೂಲಿಯವರ ಲೈನ್‌ಮನೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಇವನ್ನೆಲ್ಲ ನಮ್ಮ ಕಾಫಿ ತೋಟಗಳು ಅನುವಾದ ಮಾಡಿಕೊಂಡವೇ? 1995ರಲ್ಲಿ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್, ಓದುಗರೇ ತಿದ್ದಬಹುದಾದ ತಮ್ಮ ಜಾಲತಾಣಕ್ಕೆ ‘ವಿಕಿ’ ಎಂಬ ಹೆಸರನ್ನು ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಿಂದ ಎತ್ತಿಕೊಂಡರು. ಅದು ಹವಾಯಿ ಭಾಷೆಯ ಪದ, ‘ಬೇಗ’ ಎಂದರ್ಥ. ಇಂಗ್ಲಿಷಿಗಿಲ್ಲದ ಮಡಿ ನಮಗ್ಯಾಕೆ?

ವಿರಾಜಪೇಟೆಯಿಂದ:
ಮಡಿಯ ಮಾತಲ್ಲ. ಪುಸ್ತಕದ ಒಡನಾಟ, ಮಣ್ಣಿನ ಒಡನಾಟ ಅನ್ನುತ್ತೇವಲ್ಲ, ಪುಸ್ತಕಕ್ಕೆ ಜೀವ ಇದೆಯೇ? ಪಲ್ಪರ್ ಯಂತ್ರದ ಜೊತೆಗೇ ಬಂತು, ಇರಲಿ. ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಕಡ ಕೇಳುವುದು ಸೋಮಾರಿತನ.

ಸೋಮವಾರಪೇಟೆಯಿಂದ:
ಇಬ್ಬರೂ ಹಂಚಿಕೆಯನ್ನು ಬಿಟ್ಟಿರಿ. ಹಂಚಿಕೆ ಆಸ್ತಿಯದು, ಹಂಚಿದಷ್ಟೂ ಪಾಲು ಸಣ್ಣದು. ಹಂಚಿಕೆ ಹೂಡುವುದಂತೂ ಬೇರೆಯೇ. ತೋಟಕ್ಕೆ ಹೊಸಬನಾದ ನನ್ನ ಅಳಿಯ ಮೊನ್ನೆ ಕಾಫಿ ಕಾಯಿಯ ಹೊಕ್ಕುಳಲ್ಲಿ ಸೂಜಿಮೊನೆಯಷ್ಟು ತೂತು ಕಂಡು, ಫೋಟೊ ತೆಗೆದು ಬೆಳೆಗಾರರ ವಾಟ್ಸಾಪಿಗೆ ಹಾಕಿದ. ಇದು ಕಾಯಿಕೊರಕ ಹುಳು, ಉದುರಿದ ಕಾಯಿ ಒಂದೂ ಬಿಡದೆ ಆರಿಸಿ ಎಂದು ನಾಲ್ಕು ಕಡೆಯಿಂದ ಉತ್ತರ. ಯಾರ ತಿಳಿವಳಿಕೆಯೂ ಕಮ್ಮಿಯಾಗಲಿಲ್ಲ. ಝೆರಾಕ್ಸ್ ಯಂತ್ರ ರಿಪೇರಿಯವರ ಜೊತೆ ಓಡಾಡಿದ ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಕಂಡದ್ದೂ ಇದನ್ನೇ: ಕೈಪಿಡಿಯಲ್ಲಿಲ್ಲದ್ದನ್ನು ಅವರು ಒಬ್ಬರಿಗೊಬ್ಬರು ಕಥೆ ಹೇಳಿಕೊಂಡೇ ಕಲಿಯುತ್ತಿದ್ದರು. ಅದು ಕೊಡುಕೊಳೆ.

ಮಡಿಕೇರಿಯಿಂದ:
ಆರಡಿ ಬ್ಯಾನರಿನಲ್ಲಿ ಎದ್ದು ಕಾಣುವುದು ‘ಕೊಳೆ’. ವಿನಿಮಯ ಅನ್ನಿ.

ಸೋಮವಾರಪೇಟೆಯಿಂದ:
ವಿನಿಮಯ ಬ್ಯಾಂಕಿನದು.

ಪೊನ್ನಂಪೇಟೆಯಿಂದ:
ಗಂಟೆ ಐದಾಯಿತು. ‘ಮನುಷ್ಯ–ಕಂಪ್ಯೂಟರ್ ಒಡನಾಟ, ತಿಳಿವಳಿಕೆಯ ವಿನಿಮಯ’ ಎಂದು ಕಳಿಸಿದೆ. ಗಣಕ ತೆಗೆದೆ, ನಮ್ಮ ಲ್ಯಾಬಿನಲ್ಲಿ ಯಾರ ಬಾಯಲ್ಲೂ ಆ ಪದ ಕೇಳಿಲ್ಲ. ‘ಅರಿವು’ ಹಾಕೋಣವೆಂದಿದ್ದೆ, ಆರೋಗ್ಯ ಇಲಾಖೆಯ ಜಾಥಾ ನೆನಪಾಗಿ ಬಿಟ್ಟೆ.