‘ಡಿಫ್ರೆಟ್’ ಸಿನಿಮಾ: ಆ ಹುಡುಗಿಯನ್ನು ಕೇಳಬೇಕಿತ್ತಾ?

ಸಿನಿಮಾ ಹುಚ್ಚಿ: ಇಥಿಯೋಪಿಯಾದ ‘ಡಿಫ್ರೆಟ್’ (2014) ನೋಡಿದೆ. ಹಬೆಶಾ (ಇಥಿಯೋಪಿಯಾದ ಎತ್ತರದ ಸೀಮೆಯ ಜನರನ್ನು ಕರೆಯುವ ಹೆಸರು) ಹೆಣ್ಣುಮಕ್ಕಳು ಅಂದ್ರೆ ರೀಲ್ಸ್‌ನಲ್ಲಿ ಭುಜ ಕುಣಿಸುವವರು ಅಂತಷ್ಟೇ ಗೊತ್ತಿರುವವರು ನೋಡಲೇಬೇಕು. 1996ರಲ್ಲಿ ನಡೆದ ಘಟನೆ. ಹದಿನಾಲ್ಕರ ಹುಡುಗಿ ಶಾಲೆಯಿಂದ ಬರುತ್ತಿದ್ದಾಗ ಕುದುರೆ ಸವಾರರು ಹೊತ್ತೊಯ್ಯುತ್ತಾರೆ, ಮದುವೆಗೆಂದು. ಅವಳು ಬಂದೂಕು ಕಿತ್ತುಕೊಂಡು ಓಡುತ್ತಾಳೆ. ಅಟ್ಟಿಸಿಕೊಂಡು ಬಂದವನನ್ನು ಗುಂಡು ಹೊಡೆದು ಕೊಲ್ಲುತ್ತಾಳೆ. ಅವಳ ಪರ ನಿಂತ ವಕೀಲೆ ಮೆಅಜಾ ಅಶೆನಾಫಿ 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಅಧ್ಯಕ್ಷೆಯೇ ಆದರು. ಸನ್‌ಡಾನ್ಸ್, ಬರ್ಲಿನ್ ಎರಡೂ ಚಿತ್ರೋತ್ಸವಗಳಲ್ಲಿ ಪ್ರೇಕ್ಷಕರ ಪ್ರಶಸ್ತಿ. ಇಂಥದ್ದಕ್ಕೂ ಯಾರಾದ್ರೂ ತಕರಾರು ತೆಗೀತಾರಾ?

ಹಳೇ ಕ್ಯಾಸೆಟ್: ತೆಗೆದರು ಮೇಡಂ. ಆ ಹುಡುಗಿಯೇ. ನನ್ನನ್ನು ಕೇಳದೆ ನನ್ನ ಕತೆ ತೆಗೆದಿದ್ದಾರೆ ಅಂತ ಕೋರ್ಟಿಗೆ ಹೋದರು. ರಾಜಧಾನಿ ಅಡಿಸ್ ಅಬಾಬಾದಲ್ಲಿ ಮೊದಲ ಪ್ರದರ್ಶನ, ಜನ ಸೇರಿದ್ದಾರೆ, ಇನ್ನೇನು ಶುರು ಅನ್ನುವಾಗ ತಡೆಯಾಜ್ಞೆ ಬಂತು.

ಘಟ್ಟದ ಕೆಳಗಿನವ: ಕೋರ್ಟಿನಲ್ಲಿ ನಡೆದ ಕೇಸು ಊರಿಗೆಲ್ಲ ಗೊತ್ತಿರುತ್ತೆ. ಸಿನಿಮಾದಲ್ಲಿ ಹೆಸರನ್ನೂ ಹಿರುತ್ ಅಂತ ಬದಲಿಸಿದ್ದಾರೆ. ಒಬ್ಬೊಬ್ಬರ ಅನುಮತಿ ಕೇಳುತ್ತಾ ಕೂತರೆ ಒಂದು ಸಿನಿಮಾನೂ ಆಗಲ್ಲ. ಈ ಸಿನಿಮಾ ಇಲ್ಲದಿದ್ರೆ ಅಲ್ಲಿನ ಕಾನೂನು ಬದಲಾಗ್ತಿತ್ತಾ?

ಕಟಕಟೆ ರಾಯ: ಕಾನೂನು ಮೊದಲೇ ಬದಲಾಗಿತ್ತು ಗುರೂ. 1957ರ ದಂಡ ಸಂಹಿತೆಯಲ್ಲಿ ಹೊತ್ತೊಯ್ದವನು ಅವಳನ್ನೇ ಮದುವೆಯಾದರೆ ಶಿಕ್ಷೆಯಿಂದ ಪಾರಾಗುವ ದಾರಿ ಇತ್ತು. ಹೊಸ ಸಂಹಿತೆ ಜಾರಿಯಾಗಿದ್ದು 2005ರಲ್ಲಿ, ಆ ದಾರಿ ಮುಚ್ಚಿತು. ಸಿನಿಮಾ ಬಂದಿದ್ದು ಒಂಬತ್ತು ವರ್ಷ ಆದ್ಮೇಲೆ. ಬಡಿದಾಡಿದ್ದು ಮೆಅಜಾ ಕಟ್ಟಿದ ಮಹಿಳಾ ವಕೀಲರ ಸಂಘದಂಥವರು. ಹಾಲಿವುಡ್ ನಟಿ ಏಂಜಲಿನಾ ಜೋಲಿ ಹೆಸರು ಪೋಸ್ಟರ್ ಮೇಲಿದೆ ಅಂತ ಪುಣ್ಯವೆಲ್ಲ ಸಿನಿಮಾಕ್ಕೆ ಕಟ್ಟಬೇಡಿ.

ಸಿನಿಮಾ ಹುಚ್ಚಿ: ಒಪ್ಪಿದೆ. ಆದ್ರೆ ಕಾನೂನು ಪುಸ್ತಕದಲ್ಲಿದ್ದರೆ ಹಳ್ಳಿಗೆ ತಲುಪುತ್ತಾ? ಅಮ್ಹಾರಿಕ್ ಭಾಷೆಯಲ್ಲಿ, ಮೆರೋನ್ ಗೆಟ್ನೆಟ್‌ರಂಥ ಅಲ್ಲಿನ ಮನೆಮಾತಾದ ನಟಿಯನ್ನು ಹಾಕಿಕೊಂಡು ತೆಗೆದಿದ್ದು ಅದಕ್ಕೇ ಅಲ್ವಾ?

ಹಳೇ ಕ್ಯಾಸೆಟ್: ಘಟನೆ ನಡೆದದ್ದು ಆರ್ಸಿ ಕಡೆ. ಅದು ಒರೊಮೊ ಜನ ಜಾಸ್ತಿ ಇರುವ ಸೀಮೆ, ‘ಹಬೆಶಾ’ ಅಂದ್ರೆ ಅಲ್ಲಿ ಎಷ್ಟೋ ಜನ ನಾವಲ್ಲ ಅಂತಾರೆ. ಅದಿರಲಿ. ಹೆಸರು ಬದಲಿಸಿದ್ರೆ ಸಾಕಾ? ಕೇಸು ಅಷ್ಟು ಸುದ್ದಿಯಾಗಿತ್ತು, ಹಿರುತ್ ಯಾರು ಅಂತ ಯಾರಿಗೆ ಗೊತ್ತಾಗಲ್ಲ? ಸತ್ತವನ ಕಡೆಯವರೂ ಅದೇ ದೇಶದಲ್ಲಿದ್ದಾರೆ. ಪ್ರಶಸ್ತಿ ತಗೊಂಡವರು ವಿಮಾನ ಹತ್ತಬಹುದು.

ಬೆಳ್ಳಿ ಗೆಜ್ಜೆ: ನಾನು ಎಸ್ಕಿಸ್ತಾ, ಅಂದ್ರೆ ಅಲ್ಲಿನ ಆ ಭುಜದ ಕುಣಿತದ ವಿಡಿಯೊ ತುಂಬಾ ನೋಡ್ತೀನಿ. ಸೊಂಟದ ಕೆಳಗೆ ಹೆಚ್ಚು ಅಲುಗಾಟವಿಲ್ಲ, ಭುಜ, ಕತ್ತು, ಎದೆ ಮಾತ್ರ ಚುರುಕು. ಬಿಳಿ ಉಡುಪಿನ ಕಸೂತಿ ಅಂಚು ಆ ತಾಳಕ್ಕೇ ನಡುಗುತ್ತೆ. ಯಾರದೋ ಮದುವೆಯಲ್ಲಿ ಕುಣಿದ ಹುಡುಗಿಯರ ವಿಡಿಯೊ ಎತ್ತಿಕೊಂಡು ‘ಹಬೆಶಾ ಸುಂದರಿಯರು’ ಅಂತ ಹಾಕುವ ಪೇಜುಗಳಿವೆ. ಕೆಳಗೆ ಬರೀ ‘ನನ್ನ ಮದುವೆ ಆಗು’ ಕಾಮೆಂಟು. ಇವರನ್ನೂ ಯಾರು ಕೇಳಿದ್ರು?

ಘಟ್ಟದ ಕೆಳಗಿನವ: ಮದುವೆಮನೆ ಕುಣಿತಕ್ಕೂ ಕೊಲೆ ಕೇಸಿಗೂ ಏನು ಸಂಬಂಧ ಮಾರಾಯ್ರೆ!

ಬೆಳ್ಳಿ ಗೆಜ್ಜೆ: ಇವಳನ್ನು ಕೇಳೋದೇನು ಅನ್ನೋ ಧಿಮಾಕು ಎರಡೂ ಕಡೆ ಒಂದೇ. ಹೆಣ್ಣು ತನ್ನ ದನಿಯಲ್ಲೇ ಹೇಳೋದು ಹೇಗಿರುತ್ತೆ ಅಂತ ಗೊತ್ತಾಗಬೇಕಾದ್ರೆ ಇಥಿಯೋಪಿಯಾದ ಗಾಯಕಿ ಅಸ್ನಾಕೆಚ್ ವರ್ಕು ಹಾಡು ಕೇಳಿ. ಹೆಣ್ಣು ರಂಗಕ್ಕೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ನಟಿಸಿದವರು. ಕ್ರಾರ್ ಅನ್ನೋ ತಂತಿವಾದ್ಯವನ್ನು ತಾವೇ ಮೀಟಿಕೊಂಡು ಹಾಡುತ್ತಿದ್ದರು.

ಕಟಕಟೆ ರಾಯ: ಅವರ ಹಾಡುಗಳು ‘ಎಥಿಯೋಪಿಕ್ಸ್’ ಅನ್ನೋ ಇಥಿಯೋಪಿಯಾ ಸಂಗೀತದ ಆಲ್ಬಂ ಸರಣಿಯ 16ನೇ ಸಂಪುಟದಲ್ಲಿವೆ. ಘಟ್ಟದವರೇ, ಅನುಮತಿ ಕೇಳುತ್ತಾ ಕೂತರೆ ಸಿನಿಮಾ ಆಗಲ್ಲ ಅಂದಿರಲ್ಲ, ಅದಕ್ಕೆ ನನ್ನದೊಂದು ಪ್ರಶ್ನೆ: ನಿರ್ದೇಶಕರು ವಕೀಲೆಯ ಜೊತೆ ಮಾತಾಡಬಹುದಾದರೆ, ಆ ಹುಡುಗಿಯ ಜೊತೆ ಯಾಕಾಗಲ್ಲ?